ಅಕ್ಕ ಎಳೆದ ನೀಲಿ ಗೆರೆ

ನಮ್ಮ ವಾರ್ಡಿನಲ್ಲಿ ಮೀನು ತಿನ್ನದವರು ಅವರೊಬ್ಬರೇ. ಶಿವಪೂಜೆ ಮುಗಿಸದೆ ಬಾಯಿಗೆ ನೀರು ಹಾಕದ ಮನೆತನ. ಮೊಟ್ಟೆ ಹಾಕಿದ ಕೇಕು ಎಂಬ ಗುಮಾನಿ ಬಂದರೂ ತಟ್ಟೆಯನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದರು. ಆದರೆ ಮೀನಿನ ಮುಳ್ಳು, ಏಡಿಯ ಕೊಂಡಿ, ಸೀಗಡಿಯ ತಲೆಯ ಗರಗಸ, ಸಿಂಪಿಯ ಚಿಪ್ಪು ಇವೆಲ್ಲ ಮನುಷ್ಯರ ಚರ್ಮದ ಮೇಲೆ ಎಂಥೆಂಥ ಗಾಯ ಮಾಡುತ್ತವೆ ಎಂಬುದನ್ನು ಅವರಷ್ಟು ಬಲ್ಲವರು ಚೆನ್ನೈ ಪಕ್ಕದ ಎಣ್ಣೂರಿನ ಮೀನುಗಾರರಲ್ಲೂ ಇರಲಿಕ್ಕಿಲ್ಲ. ಯಾರಾದರೂ ಊದಿದ ಕೈ ಮುಂದೆ ಚಾಚಿದರೆ, "ಕೆಳುತ್ತಿ ಚುಚ್ಚಿದ್ದಾ, ಏಡಿ ಕಚ್ಚಿದ್ದಾ?" ಎಂದು ತಮಿಳಿನಲ್ಲಿ ಕೇಳಿಯೇ ಮುಂದಿನ ಮಾತು. ಕೆಳುತ್ತಿ ಎಂದರೆ ಮೀಸೆ ಇರುವ ಒಂದು ಮೀನು. ಅದನ್ನು ಅವರು ತಟ್ಟೆಯಲ್ಲಿ ಕಂಡವರಲ್ಲ, ಜನರ ಕೈಕಾಲುಗಳಲ್ಲಿ ಕಂಡವರು.

ಕಳೆದ ತಿಂಗಳ ಕೊನೆಯ ದಿನ ಅವರು ನಿವೃತ್ತರಾದರು. ಉತ್ತರ ಚೆನ್ನೈನ ಒಂದು ಸರ್ಕಾರಿ ಆಸ್ಪತ್ರೆಯ ಸರ್ಜರಿ ವಾರ್ಡಿನ ಹಿರಿಯ ನರ್ಸು. ಇದಕ್ಕಿಂತ ಹೆಚ್ಚು ವಿಳಾಸ ಕೊಡಬಾರದೆಂದು ನನಗೆ ಅಪ್ಪಣೆಯಾಗಿದೆ. "ಹೆಸರು ಗಿಸರು ಹಾಕ್ಬುಟ್ಟೀಯ ಕಣ್ ತಮ್ಮ, ಆಮೇಲೆ ನೆಂಟ್ರೆಲ್ಲ ಕಾಲಿನ ಫೋಟೋ ತೆಗೆದು ಕಳಿಸ್ತಾರೆ. ನಂಗೆ ಕಣ್ಣೂ ಸರಿಯಾಗಿ ಕಾಣಲ್ಲ ಈಗ" ಎಂದರು. ಕಣ್ಣು ಕಾಣುವುದಿಲ್ಲ ಎಂಬುದು ಶುದ್ಧ ಸುಳ್ಳು. ಹತ್ತು ಹಾಸಿಗೆ ಆಚೆಯಿಂದಲೇ ಡ್ರಿಪ್ ನಿಂತಿರುವುದು ಅವರಿಗೆ ಕಾಣುತ್ತಿತ್ತು.

ನಾನು ಆ ವಾರ್ಡಿಗೆ ಹೋದದ್ದು ಸರ್ಜರಿ ಕಲಿಯುವ ಮೊದಲ ವರ್ಷದ ಹುಡುಗನಾಗಿ. ಅಪ್ಪನಿಗೆ ಚೆನ್ನೈನ ವಿಮಾ ಕಂಪನಿಯಲ್ಲಿ ಕೆಲಸ, ಮೂಲ ಊರು ದಾವಣಗೆರೆ. ಮನೆಯಲ್ಲಿ ಅಪ್ಪ ಕನ್ನಡದಲ್ಲಿ ಕೇಳಿದರೆ ನಾನು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಒಂದು ದಿನ ವಾರ್ಡಿನಲ್ಲಿ ಅಮ್ಮನ ಫೋನು ಬಂತು. "ಉಂಡ್ಯಾ ಇಲ್ಲೋ?" ಎಂದು ಅಮ್ಮ ಕೇಳಿದ್ದು ಪಕ್ಕದಲ್ಲಿ ಔಷಧಿ ಎಣಿಸುತ್ತಿದ್ದ ಇವರ ಕಿವಿಗೆ ಬಿತ್ತು. ಇವರ ತಂದೆ ಚಾಮರಾಜನಗರದ ಕಡೆಯಿಂದ ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಬಂದವರು. ಅಂದಿನಿಂದ ನಾನು ಇವರಿಗೆ ತಮಿಳಿನಲ್ಲಿ 'ಸಾರ್', ಕನ್ನಡದಲ್ಲಿ 'ತಮ್ಮ'. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ನಾನು ಅಕ್ಕ ಎನ್ನತೊಡಗಿದೆ. ಇದರಿಂದ ಅವರಿಗೊಂದು ದೊಡ್ಡ ಅನುಕೂಲವಾಯಿತು. ರೋಗಿಗಳ ಎದುರಿಗೇ, ಅವರಿಗೆ ಒಂದಕ್ಷರವೂ ತಿಳಿಯದಂತೆ, ಮುಖದ ನಗು ಮಾಸದಂತೆ ನನ್ನನ್ನು ಬೈಯಬಹುದಾಗಿತ್ತು. "ಏನ್ ಕಣ್ ಸ್ವಾಮಿ, ಈ ಡ್ರೆಸ್ಸಿಂಗ್ ನೀನೇ ಕಟ್ಟಿದ್ದಾ, ಇಲ್ಲಾ ಗಾಳಿಗೆ ಬಂದು ಸುತ್ಕೊಂಡಿತಾ?" ಎಂದು ಕೇಳುವಾಗ ಹಾಸಿಗೆಯ ಮೇಲಿದ್ದ ಅಜ್ಜಿ, ಸಿಸ್ಟರ್ ನನ್ನನ್ನು ಹೊಗಳುತ್ತಿದ್ದಾರೆಂದು ತಿಳಿದು ತಲೆಯಾಡಿಸುತ್ತಿದ್ದಳು. ನನ್ನ ಕನ್ನಡ ಚಿಗುರಿದ್ದೇ ಈ ಬೈಗುಳದ ನೀರಿನಿಂದ.

ಅವರ ಹೆಸರು ನಿಂತದ್ದು ಒಂದು ರೋಗದಿಂದ. ಹಿನ್ನೀರು, ಅಳಿವೆ, ಕೊಳಚೆ ಬೆರೆತ ಮಳೆನೀರು, ಇಂಥ ಕಡೆ ಇರುವ ಕೆಲವು ಬ್ಯಾಕ್ಟೀರಿಯಾಗಳು ಸಣ್ಣದೊಂದು ಗೀರಿನಿಂದ ಒಳಗೆ ಹೋಗಿ, ಚರ್ಮದ ಅಡಿಯ ಪದರವನ್ನು ಗಂಟೆಗಳ ಲೆಕ್ಕದಲ್ಲಿ ಕೊಳೆಸಿಬಿಡುತ್ತವೆ. ಮಾಂಸ ತಿನ್ನುವ ರೋಗ ಎಂದು ಪತ್ರಿಕೆಗಳು ಬರೆಯುತ್ತವೆ. ಆರೋಗ್ಯವಂತರು ಬಹುಪಾಲು ಪಾರಾಗುತ್ತಾರೆ. ಸಕ್ಕರೆ ಕಾಯಿಲೆ ಇದ್ದವರು, ಅದಕ್ಕಿಂತ ಹೆಚ್ಚಾಗಿ ಯಕೃತ್ತು ಕೆಟ್ಟವರು ಸಿಕ್ಕಿಬೀಳುತ್ತಾರೆ. ಮೋಸವೇನೆಂದರೆ ಮೊದಮೊದಲು ಮೇಲಿನ ಚರ್ಮ ಹೆಚ್ಚೇನನ್ನೂ ಹೇಳುವುದಿಲ್ಲ. ಸ್ವಲ್ಪ ಕೆಂಪು, ಸ್ವಲ್ಪ ಊತ. ನೋವು ಮಾತ್ರ ವಿಪರೀತ. "ಬೆರಳು ಕೊಟ್ರೆ ಹಸ್ತ ನುಂಗೋ ಜಾತಿ ಇದು. ಕಣ್ಣಿಗೆ ಕಾಣೋದು ಕಮ್ಮಿ, ನೋವು ಜಾಸ್ತಿ ಅಂದ್ರೆ ಕಣ್ಣನ್ನ ನಂಬ್ಬೇಡ, ನೋವನ್ನ ನಂಬು" ಎನ್ನುತ್ತಿದ್ದರು ಅಕ್ಕ.

ಅಂಥ ಕಾಲು ಬಂದರೆ ಅವರು ಕೇಳುತ್ತಿದ್ದದ್ದು ಇಷ್ಟು: ಯಾವ ನೀರಲ್ಲಿ ಇಳಿದಿದ್ದೆ, ಯಾವಾಗ ತಾಗಿತು, ಸಕ್ಕರೆ ಇದೆಯಾ, ಎಂದಾದರೂ ಕಾಮಾಲೆ ಆಗಿತ್ತಾ. ಕುಡಿಯುತ್ತೀಯಾ ಎಂದು ಗಂಡಸರಿಗೂ ಹೆಂಗಸರಿಗೂ ಒಂದೇ ದನಿಯಲ್ಲಿ ಕೇಳುತ್ತಿದ್ದರು. ಆಮೇಲೆ ಜೇಬಿನಿಂದ ನೀಲಿ ಮಾರ್ಕರ್ ತೆಗೆದು, ಕೆಂಪು ಎಲ್ಲಿಗೆ ಮುಗಿಯುತ್ತದೋ ಆ ಅಂಚಿನ ಗುಂಟ ಚರ್ಮದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆಯುತ್ತಿದ್ದರು. ಒಂದು ಗಂಟೆ ಕಳೆದು ಮತ್ತೆ ನೋಡುವುದು. ಕೆಂಪು ಗೆರೆ ದಾಟಿದ್ದರೆ ಇನ್ನೊಂದು ಗೆರೆ, ಇನ್ನೊಂದು ಗಂಟೆ. ಎಷ್ಟು ಬೆರಳು ಸರಿಯಿತು ಎಂದು ತಮ್ಮದೇ ಬೆರಳಿಟ್ಟು ಅಳೆಯುತ್ತಿದ್ದರು. ಇದು ಅವರು ಕಂಡುಹಿಡಿದದ್ದೇನಲ್ಲ, ಪುಸ್ತಕದಲ್ಲೂ ಇದೆ. ಆದರೆ ಪುಸ್ತಕ ಓದಿದ ನಾವು ಮರೆಯುತ್ತಿದ್ದೆವು, ಅವರು ಒಂದು ದಿನವೂ ಮರೆಯಲಿಲ್ಲ.

ಈ ಚಾಳಿ ಆಸ್ಪತ್ರೆಗಷ್ಟೇ ಸೀಮಿತವಾಗಿರಲಿಲ್ಲ. ಅವರ ಮನೆ ಕೋಡಂಬಾಕ್ಕಂನಲ್ಲಿ. ಬೆಳಗಿನ ಲೋಕಲ್ ಟ್ರೇನಿನಲ್ಲಿ ಎಲ್ಲರೂ ಮೊಬೈಲ್ ನೋಡಿದರೆ ಇವರು ಎದುರಿಗೆ ಕೂತವರ ಕಾಲು ನೋಡುತ್ತಿದ್ದರು. ಒಮ್ಮೆ ಯಾರೋ ಹಿರಿಯರ ಊದಿದ ಕಾಲು ಕಂಡು, ಪಂಚೆ ಸರಿಸಿ, ಬಾಲ್‌ಪೆನ್ನಿನಲ್ಲಿ ಗೆರೆ ಎಳೆದೇಬಿಟ್ಟರಂತೆ. ಆತ ಗಾಬರಿಯಾಗಿ ಪೊಲೀಸರನ್ನು ಕರೆಯುತ್ತೇನೆ ಎಂದರೂ ಬಿಡದೆ ಎಗ್ಮೋರಿನಲ್ಲಿ ಇಳಿಸಿ, ಆಟೋ ಹತ್ತಿಸಿ, ವಾರ್ಡಿಗೆ ಕರೆತಂದರು. ನೋಡಿದರೆ ಅದು ಮೂವತ್ತು ವರ್ಷ ಹಳೆಯ ಆನೆಕಾಲು. ವಾರ್ಡೆಲ್ಲ ನಕ್ಕಿತು. ಅವರೂ ನಕ್ಕರು. "ಆಗ್ಲಿ ಬುಡು, ಗೆರೆ ಎಳೆದ್ರೆ ಏನ್ ನಷ್ಟ? ಮನೆಗೋಗಿ ಸೋಪು ಹಾಕ್ಕೋತಾರೆ" ಎಂದು ಆ ಹಿರಿಯರಿಗೆ ಕ್ಯಾಂಟೀನಿನಿಂದ ಇಡ್ಲಿ ತರಿಸಿಕೊಟ್ಟರು.

ಈಗ ನಾನು ಅವರ ಗೆರೆಯನ್ನು ಒರೆಸಿದ ದಿನದ ವಿಷಯ ಹೇಳಬೇಕು.

ಎಣ್ಣೂರಿನ ಹೆಂಗಸು. ವಯಸ್ಸು ನಲವತ್ತರ ಆಸುಪಾಸು. ಅಳಿವೆಯಲ್ಲಿ ಸೊಂಟಮಟ್ಟ ನೀರಿಗೆ ಇಳಿದು, ಬಾಯಲ್ಲಿ ಬುಟ್ಟಿ ಕಚ್ಚಿಕೊಂಡು, ಎರಡೂ ಕೈಯಿಂದ ಕೆಸರು ತಡವಿ ಸೀಗಡಿ ಹಿಡಿಯುವವಳು. ಹಿಂದಿನ ದಿನ ಮಧ್ಯಾಹ್ನ ಸಿಂಪಿಯ ಚಿಪ್ಪು ಬಲಗಾಲಿನ ಹಿಮ್ಮಡಿಯ ಹತ್ತಿರ ಕೊಯ್ದಿತ್ತು. ಮರುದಿನ ಬೆಳಗಿನ ಆರು ಗಂಟೆಗೆ ಗಂಡ ಆಕೆಯನ್ನು ಎತ್ತಿಕೊಂಡೇ ಬಂದ. ಬೇರೆ ಕಾಯಿಲೆ ಏನಾದರೂ ಇದೆಯಾ ಎಂದು ನಾನು ಕೇಳಿದೆ. ಸಕ್ಕರೆ ಇದೆ, ಮತ್ತೇನಿಲ್ಲ ಎಂದಳು. ಚರ್ಮದ ಸೋಂಕು ಎಂದು ಬರೆದು ಆಂಟಿಬಯೋಟಿಕ್ ಹಾಕಿ ಮುಂದಿನ ಹಾಸಿಗೆಗೆ ಹೋದೆ.

ಏಳಕ್ಕೆ ಅಕ್ಕ ಡ್ಯೂಟಿಗೆ ಬಂದರು. ಆಕೆಯ ಕಾಲಿಗೆ ಹೊದಿಕೆಯ ಅಂಚು ತಾಗಿತು, ಅಷ್ಟಕ್ಕೇ ಆಕೆ ಹಲ್ಲು ಕಚ್ಚಿದಳು. ಅಕ್ಕ ಅಲ್ಲೇ ನಿಂತರು. ತಮ್ಮ ಪ್ರಶ್ನೆಗಳನ್ನೆಲ್ಲ ಕೇಳಿದರು. ಹೋದ ವರ್ಷ ಕಾಮಾಲೆಯಾಗಿ ಎರಡು ತಿಂಗಳು ನಾಟಿ ಔಷಧಿ ಕುಡಿದದ್ದು ಆಗ ಹೊರಬಂತು. ನಾನು ಕೇಳಿದ್ದಕ್ಕೆ ಯಾಕೆ ಹೇಳಲಿಲ್ಲ ಎಂದರೆ, ಅದು ವಾಸಿಯಾಯಿತಲ್ಲ, ವಾಸಿಯಾದದ್ದು ಕಾಯಿಲೆಯಾ ಎಂದಳು. ಕೆಂಪು ಆಗಲೇ ಕಣಕಾಲಿನ ಮೂಳೆಯಿಂದ ನಾಲ್ಕು ಬೆರಳು ಮೇಲಿತ್ತು. ಅಕ್ಕ ಗೆರೆ ಎಳೆದರು. ಎಂಟಕ್ಕೆ ಐದೂವರೆ ಬೆರಳು, ಒಂಬತ್ತಕ್ಕೆ ಏಳು. ಮೂರು ನೀಲಿ ಗೆರೆಗಳಾದವು.

"ತಮ್ಮ, ಇದು ಓಡ್ತಾ ಇದೆ. ಚೀಫ್‌ಗೆ ಫೋನ್ ಮಾಡು" ಎಂದರು.

"ಹತ್ತಕ್ಕೆ ರೌಂಡ್ಸಿಗೆ ಬರ್ತಾರಲ್ಲ ಅಕ್ಕ, ಆಗಲೇ ತೋರಿಸೋಣ" ಎಂದೆ. ಪರೀಕ್ಷೆಯಲ್ಲಿ ಚಿನ್ನದ ಪದಕ ತೆಗೆದುಕೊಂಡಿದ್ದ ಕಾಲ ಅದು. ನನ್ನ ರೋಗನಿರ್ಣಯವನ್ನು ನರ್ಸೊಬ್ಬರ ಮಾರ್ಕರ್ ತಿದ್ದುವುದು ನನಗೆ ಹಿಡಿಸಿರಲಿಲ್ಲ. ಬೇಕಾದ ಇಂಜೆಕ್ಷನ್ ವಾರ್ಡಿನಲ್ಲಿ ಮುಗಿದಿತ್ತು. ಅದನ್ನು ತರಲು ಅಕ್ಕ ತಾವೇ ಕೆಳಗಿನ ಔಷಧಿ ಸ್ಟೋರಿಗೆ ಇಳಿದರು.

ನಮ್ಮ ಚೀಫ್ ದೊಡ್ಡ ಸರ್ಜನ್, ಅಷ್ಟೇ ದೊಡ್ಡ ಶಿಸ್ತಿನವರು. ಅವರ ರೌಂಡ್ಸಿಗೆ ಮುಂಚೆ ವಾರ್ಡು ಮದುವೆಮನೆಯ ಹಾಗೆ ಒಪ್ಪವಾಗಿರಬೇಕು. ಹಾಸಿಗೆಯ ಮೇಲೆ ಸುಕ್ಕು ಕಂಡರೆ ಕೋಪ. ಹಿಂದಿನ ವಾರವಷ್ಟೇ ಯಾರೋ ರೋಗಿಯ ತೋಳಿನ ಮೇಲೆ ಹಾಸಿಗೆಯ ನಂಬರ್ ಬರೆದಿದ್ದರೆಂದು, "ರೋಗಿಯ ಮೈ ನಿಮ್ಮ ಸ್ಲೇಟಲ್ಲ" ಎಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದಿದ್ದರು. ಒಂಬತ್ತೂ ಮುಕ್ಕಾಲಿಗೆ ನಾನು ಹಾಸಿಗೆಗಳನ್ನು ನೋಡುತ್ತ ಬಂದೆ. ಆ ಕಾಲಿನ ಮೇಲೆ ಮೂರು ಗೆರೆ, ಮೂರು ಅಂಕಿ. ಹತ್ತಿಗೆ ಸ್ಪಿರಿಟ್ ಹಾಕಿ ಚೆನ್ನಾಗಿ ಒರೆಸಿಬಿಟ್ಟೆ. ಆಕೆ ನೋವಿಗೆ ಮುಲುಕಿದಳು. ಆಯಿತು ಆಯಿತು ಎಂದು ಸಮಾಧಾನವನ್ನೂ ಹೇಳಿದೆ.

ಚೀಫ್ ಬಂದರು, ಕಾಲು ನೋಡಿದರು. ಗುಳ್ಳೆ ಎದ್ದಿಲ್ಲ, ಬಣ್ಣ ಕಪ್ಪಾಗಿಲ್ಲ. "ಔಷಧಿ ನಡೆಯಲಿ, ಸಂಜೆ ನೋಡೋಣ" ಎಂದು ತಿರುಗಿದರು. ಅಷ್ಟರಲ್ಲಿ ಅಕ್ಕ ಇಂಜೆಕ್ಷನ್ ಹಿಡಿದು ಬಂದರು. ಕಾಲು ನೋಡಿದರು. ಪಕ್ಕದ ಟ್ರೇಯಲ್ಲಿ ನೀಲಿ ಹತ್ತಿದ ಹತ್ತಿಯುಂಡೆ ಬಿದ್ದಿತ್ತು. ಅದನ್ನೂ ನೋಡಿದರು. ನನ್ನ ಮುಖ ಮಾತ್ರ ನೋಡಲಿಲ್ಲ.

"ಸಾರ್, ಎರಡು ಗಂಟೆಯಲ್ಲಿ ಮೂರು ಬೆರಳು ಮೇಲೆ ಹೋಗಿದೆ" ಎಂದರು ತಮಿಳಿನಲ್ಲಿ.

"ಗುರುತು ಎಲ್ಲಿ?"

"ಇತ್ತು ಸಾರ್."

"ಇತ್ತು ಅಂದರೆ? ಕೇಸ್ ಶೀಟಿನಲ್ಲಿ ಬರೆದಿದ್ದೀರಾ?"

"ಇಲ್ಲ ಸಾರ್. ಕಾಲ ಮೇಲೆ ಇತ್ತು."

ಚೀಫ್ ಕೆಟ್ಟವರಲ್ಲ, ಕರಾರುವಾಕ್ಕಿನವರು. "ಇಲ್ಲದ ಗುರುತು ನೋಡಿ ನಾನು ಕಾಲು ಕೊಯ್ಯುವುದು ಹೇಗೆ ಸಿಸ್ಟರ್? ಈಗ ಗೆರೆ ಎಳೆಯಿರಿ, ಮಧ್ಯಾಹ್ನ ಫೋನ್ ಮಾಡಿ" ಎಂದರು. ಅಕ್ಕ ಒಂದು ಬೆರಳು ನನ್ನತ್ತ ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ಹಾಸಿಗೆಯ ಕಂಬಿ ಹಿಡಿದು, ದಾರಿ ಬಿಡದೆ ನಿಂತಿದ್ದರು. ಮೂವತ್ತು ಸೆಕೆಂಡು ಇರಬಹುದು. ಆ ಮೂವತ್ತು ಸೆಕೆಂಡು ನಾನು ಏನು ಯೋಚಿಸುತ್ತಿದ್ದೆ ಎಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆ ಹೆಂಗಸಿನ ಕಾಲಲ್ಲ, ನನ್ನ ಪದಕ, ನನ್ನ ಮರ್ಯಾದೆ.

"ಸಾರ್, ಮೂರು ಗೆರೆ ಇತ್ತು. ನಾನೇ ಒರೆಸಿದೆ" ಎಂದೆ. "ನಾಲ್ಕು, ಐದೂವರೆ, ಏಳು. ನಾನು ನೋಡಿದ್ದೇನೆ. ಕಾಮಾಲೆಯೂ ಆಗಿತ್ತಂತೆ."

ಚೀಫ್ ನನ್ನನ್ನು ಒಮ್ಮೆ ನೋಡಿದರು. ಮತ್ತೆ ಬಾಗಿ, ಅಕ್ಕನ ಕೈಯನ್ನೇ ತೆಗೆದುಕೊಂಡು, ಆ ಬೆರಳುಗಳನ್ನೇ ಕಣಕಾಲಿನಿಂದ ಮೇಲಕ್ಕೆ ಇಟ್ಟು ಅಳೆದರು. ಈಗ ಎಂಟಾಗಿತ್ತು. ನಾಡಿ ಹಿಡಿದರು. "ಥಿಯೇಟರ್‌ಗೆ ಹೇಳಿ" ಎಂದರು.

ಕೊಯ್ದು ತೆರೆದಾಗ ಒಳಗೆ ರಕ್ತವೇ ಸರಿಯಾಗಿ ಇರಲಿಲ್ಲ. ಕಲಗಚ್ಚಿನಂಥ ನೀರು, ಬೂದುಬಣ್ಣದ ಪದರ. ಚೀಫ್ ಬೆರಳಿಟ್ಟರೆ ಹಾಗೇ ಬಿಟ್ಟುಕೊಳ್ಳುತ್ತಿತ್ತು. ಮೇಲಿನ ಚರ್ಮ ನಿಜವಾಗಿ ಏನನ್ನೂ ಹೇಳಿರಲಿಲ್ಲ. "ಮಧ್ಯಾಹ್ನವಾಗಿದ್ದರೆ ತೊಡೆಯವರೆಗೆ ತೆಗೆಯಬೇಕಾಗಿತ್ತು. ಸಂಜೆಯಾಗಿದ್ದರೆ ಅದೂ ಬೇಕಾಗುತ್ತಿರಲಿಲ್ಲ" ಎಂದರು ಚೀಫ್, ನನ್ನ ಕಡೆ ನೋಡದೆ.

ಹೊರಗೆ ಕಾರಿಡಾರಿನಲ್ಲಿ ಅಕ್ಕ ಸಿಕ್ಕರು. ನಾನು ಬಾಯಿ ತೆರೆಯುವ ಮೊದಲೇ, "ಒರೆಸಿದ್ದು ತಪ್ಪು. ಬಾಯಿ ಬುಟ್ಟಿದ್ದು ಸರಿ. ಅದಕ್ಕೂ ಇದಕ್ಕೂ ಸರಿಹೋಯ್ತು ಅಂದ್ಕೊಬೇಡ. ಅರ್ಧ ನಿಮಿಷ ತಡ ಮಾಡ್ದೆ" ಎಂದರು. "ನಂದೂ ತಪ್ಪೇ. ಕಾಗದದ ಮೇಲೆ ಬರೀಲಿಲ್ಲ" ಎಂದು ಸೇರಿಸಿ, "ಕಾಫಿ ಕುಡಿದು ಬಾ, ಮೊಗ ನೋಡು ಹೆಂಗಾಗದೆ" ಎಂದು ಕಳಿಸಿದರು. ಅಂದಿನಿಂದ ಗೆರೆ ಎಳೆದಾಗಲೆಲ್ಲ ಕೇಸ್ ಶೀಟಿನಲ್ಲೂ ಬೆರಳಿನ ಲೆಕ್ಕ ಬಿದ್ದೇ ಬೀಳುತ್ತಿತ್ತು. ಆ ಹೆಂಗಸಿಗೆ ಇನ್ನೂ ಮೂರು ಸಲ ಆಪರೇಷನ್ ಆಯಿತು, ತೊಡೆಯ ಚರ್ಮ ತೆಗೆದು ಕಾಲಿಗೆ ಹೊದಿಸಿದೆವು. ಎರಡು ತಿಂಗಳ ಮೇಲೆ ಕುಂಟುತ್ತ, ಆದರೆ ತನ್ನ ಎರಡು ಕಾಲಿನ ಮೇಲೆಯೇ ನಡೆದು ಮನೆಗೆ ಹೋದಳು.

ಎಲ್ಲರೂ ಹಾಗೆ ಹೋಗಲಿಲ್ಲ. ವರ್ಷಾನುಗಟ್ಟಲೆ ಕುಡಿದು ಯಕೃತ್ತು ಸುಟ್ಟುಕೊಂಡಿದ್ದ ದೋಣಿಯವನೊಬ್ಬ ಎರಡು ದಿನ ಮನೆಯಲ್ಲೇ ಅರಿಶಿನ ಮೆತ್ತಿಕೊಂಡು ಮಲಗಿ, ಮೂರನೆಯ ದಿನ ಬಂದ. ಅಕ್ಕನ ಗೆರೆಗಳು ಮಂಡಿ ದಾಟಿ ತೊಡೆಗೆ ಹತ್ತಿದವು. ನಾವು ಕೊಯ್ದೆವು, ಮತ್ತೆ ಕೊಯ್ದೆವು. ಉಳಿಯಲಿಲ್ಲ. ಮನೆಯವರನ್ನು ಒಳಗೆ ಬಿಡುವ ಮುಂಚೆ ಅಕ್ಕ ಬಿಸಿನೀರು, ಸ್ಪಿರಿಟ್ ತಂದು ಅವನ ಕಾಲಿನ ಮೇಲಿದ್ದ ಒಂದೊಂದು ಗೆರೆಯನ್ನೂ ಒರೆಸಿದರು. ನಾನು ನೀರಿನ ಬೋಗುಣಿ ಹಿಡಿದೆ. "ಗೆರೆ ಒರೆಸೋದು ಎರಡೇ ಸಲ ಕಣ್ ತಮ್ಮ. ಮನೆಗೆ ಹೋಗೋವಾಗ, ಇಲ್ಲಾ ಹಿಂಗೆ" ಎಂದರು. ಅವರ ಕಣ್ಣಲ್ಲಿ ನೀರು ನಾನು ಕಂಡದ್ದು ಅದೊಂದೇ ಸಲ. ಅಂಥದನ್ನೂ ನೋಡಿ, ಮರುದಿನ ಏಳಕ್ಕೆ ಸರಿಯಾಗಿ ಹಣೆಗೆ ತೆಳುವಾಗಿ ವಿಭೂತಿ ಹಚ್ಚಿಕೊಂಡು, ಜೇಬಿನಲ್ಲಿ ಮಾರ್ಕರ್ ಸಿಕ್ಕಿಸಿಕೊಂಡು ಬಂದುಬಿಡುತ್ತಿದ್ದರಲ್ಲ, ಆ ಬರುವಿಕೆಯ ಬಗ್ಗೆ ನನಗೆ ಬಹಳ ಹೆಮ್ಮೆ.

ಕಾಲ ಸರಿದು ಈಗ ಆ ಯೂನಿಟ್ಟಿಗೆ ನಾನೇ ಚೀಫ್. ತಮಿಳಿನಲ್ಲಿ 'ಸಾರ್' ಇನ್ನಷ್ಟು ಗಟ್ಟಿಯಾಯಿತು, ಕನ್ನಡದಲ್ಲಿ ತಮ್ಮ ತಮ್ಮನಾಗಿಯೇ ಉಳಿದ. ನಾನು ಕೊಯ್ಯಲು ಹಿಂದೆಮುಂದೆ ನೋಡಿದರೆ, "ಉಗುರಲ್ಲಿ ಹೋಗೋ ಹೊತ್ತಲ್ಲೇ ತೆಗೆದುಬುಡು, ಆಮೇಲೆ ಕೊಡಲಿ ಹುಡುಕ್ಬೇಕಾಯ್ತದೆ" ಎಂದು ಕಿವಿಯ ಹತ್ತಿರ ಹೇಳಿ ಹೋಗುತ್ತಿದ್ದರು. ಬೇರೆ ಆಸ್ಪತ್ರೆಗಳಿಂದ ನಮ್ಮಲ್ಲಿ ಕಲಿಯಲು ಬರುವವರು, ಇಲ್ಲಿ ಇಷ್ಟು ಕಾಲು ಹೇಗೆ ಉಳಿಯುತ್ತವೆ ಎಂದು ಕೇಳುತ್ತಿದ್ದರು. ನಾನು ಯಂತ್ರ ತೋರಿಸುತ್ತಿರಲಿಲ್ಲ, ಅಕ್ಕನನ್ನು ತೋರಿಸುತ್ತಿದ್ದೆ. ಅವರ ಕೈಕೆಳಗೆ ಕಲಿತವನು ಎಂದು ಹೇಳಿಕೊಳ್ಳುವಾಗ ನನಗೆ ಎದೆಯುಬ್ಬುತ್ತದೆ. ಪದಕ ಎಲ್ಲಿಟ್ಟಿದ್ದೇನೋ ಮರೆತಿದೆ.

ಬೀಳ್ಕೊಡುಗೆಯ ದಿನ ಶಾಲು, ಹಾರ, ಮೊಟ್ಟೆ ಇಲ್ಲದ ಕೇಕು. ಎಣ್ಣೂರಿನ ಆ ಹೆಂಗಸು ಹೇಗೋ ಸುದ್ದಿ ತಿಳಿದು ಬಂದಿದ್ದಳು. ತಲೆ ನರೆತಿದೆ. ಸಭೆಯ ಮಧ್ಯೆ ಎದ್ದು ಸೀರೆಯನ್ನು ಮಂಡಿಯವರೆಗೆ ಎತ್ತಿ, ತೇಪೆ ಹಾಕಿದಂತಿದ್ದ ಕಾಲನ್ನು ಎಲ್ಲರಿಗೂ ತಿರುಗಿ ತಿರುಗಿ ತೋರಿಸಿದಳು. ಸನ್ಮಾನದ ಕುರ್ಚಿಯ ಮೇಲಿಂದಲೇ ಅಕ್ಕ, "ಚಪ್ಪಲಿ ಎಲ್ಲಿ?" ಎಂದು ಗದರಿದರು. ಬಾಗಿಲ ಹತ್ತಿರ ಬಿಟ್ಟಿದ್ದೇನೆ ತಾಯೀ, ನೀರಿಗೆ ಇಳಿಯುವಾಗ ರಬ್ಬರ್ ಬೂಟು ಹಾಕುತ್ತೇನೆ ಎಂದು ಆಕೆ ಕೈಮುಗಿದಳು. ನನ್ನ ಭಾಷಣದ ಸರದಿ ಬಂದಾಗ, ಒರೆಸಿದವನು ನಾನು ಎಂಬುದನ್ನು ಆಕೆಯ ಎದುರಿಗೇ ಹೇಳಿದೆ. ಅಷ್ಟು ವರ್ಷ ಆಕೆಗೆ ಅದು ಗೊತ್ತಿರಲಿಲ್ಲ. ನನ್ನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, "ಅದಕ್ಕೇ ಅಷ್ಟು ಉರಿದಿತ್ತು" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಕ್ಕ.

ಸಮಾರಂಭ ಮುಗಿದ ಮೇಲೆ ಹಾರ ತೆಗೆದಿಟ್ಟು, ಮತ್ತೆ ವಾರ್ಡಿಗೆ ಹೋದರು. ಮಳೆನೀರು ನಿಂತ ಬೀದಿಯಲ್ಲಿ ಬರಿಗಾಲಲ್ಲಿ ನಡೆದು ಗಾಯ ಮಾಡಿಕೊಂಡ ಒಬ್ಬ ಮುದುಕ ಮಧ್ಯಾಹ್ನ ದಾಖಲಾಗಿದ್ದ. ಸಕ್ಕರೆ ಕಾಯಿಲೆಯವನು. ಪ್ರಶ್ನೆಗಳು, ನೀಲಿ ಗೆರೆ, ಗಂಟೆ, ಕೇಸ್ ಶೀಟಿನಲ್ಲಿ ಬೆರಳಿನ ಲೆಕ್ಕ. ಮಾರ್ಕರನ್ನು ಮುಂದಿನ ಡ್ಯೂಟಿಯ ನರ್ಸಿನ ಕೈಗೆ ಕೊಟ್ಟು, ನನಗೆ "ಬರ್ತೀನಿ ತಮ್ಮ" ಎಂದಷ್ಟೇ ಹೇಳಿ ಟ್ರೇನಿಗೆ ಹೊರಟರು.

ಮರುದಿನ ಹತ್ತು ಗಂಟೆಗೆ ರೌಂಡ್ಸಿನ ನಡುವೆ ಫೋನು ಬಂತು. ಕೋಡಂಬಾಕ್ಕಂ ಮನೆಯಿಂದ. ಕ್ಷೇಮ ಸಮಾಚಾರ ಏನೂ ಇಲ್ಲ.

"ಗೆರೆ ಎಲ್ಲಿದೆ?"

ಹಿಂದೆ ಹತ್ತು ಜನ ಕಿರಿಯ ಡಾಕ್ಟರರು ನಿಂತಿದ್ದರು. ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಮುದುಕನ ಹಾಸಿಗೆಗೆ ಹೋದೆ. ಬಾಗಿ, ಗೆರೆಯಿಂದ ಕೆಳಕ್ಕೆ ನನ್ನ ಬೆರಳುಗಳನ್ನು ಇಟ್ಟು ಅಳೆದೆ.

"ಗೆರೆ ಇದ್ದಲ್ಲೇ ಇದೆ ಅಕ್ಕ. ಕೆಂಪು ಎರಡು ಬೆರಳು ಕೆಳಗೆ ಇಳಿದಿದೆ."

ಆಮೇಲೆ ಕೇಳಿದರು:

"ಯಾರೂ ಒರೆಸಿಲ್ಲ ತಾನೆ?"

"ಇಲ್ಲ ಅಕ್ಕ" ಎಂದೆ. "ನಾನು ಇದ್ದೀನಲ್ಲ."